ಕಿವಿ ಡಾಕ್ಟರರ ಸಾಕ್ಷಿ

ನನ್ನ ಭಾವನಿಗೆ ಬೀದಿಯವರು ಇಟ್ಟಿದ್ದ ಹೆಸರು ಕಿವಿ ಡಾಕ್ಟರು. ಡಾಕ್ಟರಿಕೆಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಅವರು ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದರು. ಯಾರಾದರೂ ಕೆಟ್ಟ ಮೆಷಿನ್ ಹೊತ್ತು ತಂದರೆ ಭಾವ ಸ್ಕ್ರೂಡ್ರೈವರ್ ಹುಡುಕುತ್ತಿರಲಿಲ್ಲ. ಒಂದು ಕೈಯಲ್ಲಿ ಗಾಲಿ ತಿರುಗಿಸುತ್ತ, ತಲೆ ಬಗ್ಗಿಸಿ, ಮೆಷಿನ್ನಿನ ಮೈಗೆ ಕಿವಿ ಹಚ್ಚಿ ನಿಲ್ಲುತ್ತಿದ್ದರು. ಏನಾದರೂ ತೊಂದರೆಯಿದ್ದರೆ "ಬುಷ್ ಸವೆದಿದೆ" ಎಂದೋ "ಕೊಕ್ಕೆ ಹೊಡೀತಿದೆ" ಎಂದೋ ಒಂದು ಮಾತು. ಬುಷ್ ಎಂದರೆ ಒಳಗಿನ ಕಂಬಿ ತಿರುಗುವ ಬಳೆ, ಕೊಕ್ಕೆ ಎಂದರೆ ಸೂಜಿಯ ಕೆಳಗೆ ತಿರುಗುತ್ತ ದಾರ ಹಿಡಿಯುವ ತುಂಡು. ತೊಂದರೆಯಿಲ್ಲದಿದ್ದರೆ ಆ ಒಂದು ಮಾತೂ ಇಲ್ಲ. ತಲೆ ಎತ್ತಿ, ಕೈ ಒರೆಸಿಕೊಂಡು, ಬೇರೆ ಕೆಲಸಕ್ಕೆ ಹೊರಡುತ್ತಿದ್ದರು. ಸರಿಯಿದೆ ಎಂದು ಬಾಯಿಬಿಟ್ಟು ಹೇಳುವ ರೂಢಿಯೇ ಅವರಿಗಿರಲಿಲ್ಲ. ಇದು ದರ್ಜಿಗಳಿಗೆಲ್ಲ ಗೊತ್ತಿತ್ತು. ಹಳೆಯ ಮೆಷಿನ್ ಕೊಳ್ಳುವವರು ಅವರನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಕಿವಿ ಇಟ್ಟ ಮೇಲೆ ಭಾವ ಸುಮ್ಮನಿದ್ದರೆ ವ್ಯಾಪಾರ ಕುದುರಿತು ಎಂದೇ ಅರ್ಥ.

ಒಮ್ಮೆ ಪಕ್ಕದ ಬಡಾವಣೆಯ ಅಜ್ಜಿಯೊಬ್ಬರು ಈ ಡಾಕ್ಟರ ಹೆಸರು ಯಾರ ಬಾಯಲ್ಲೋ ಕೇಳಿ, ಕಿವಿಗೆ ಹತ್ತಿ ತುರುಕಿಕೊಂಡು ಬಂದು ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟಿದ್ದರು. ಭಾವ ನಗಲಿಲ್ಲ. ಎಣ್ಣೆಗೈ ತೊಳೆದುಕೊಂಡು, ಅಜ್ಜಿಯ ತೋಳು ಹಿಡಿದು ರಸ್ತೆ ದಾಟಿಸಿ, ನಿಜವಾದ ಡಾಕ್ಟರ ಬಾಗಿಲಿಗೆ ಮುಟ್ಟಿಸಿ ಬಂದರು. ದಾರಿಯುದ್ದಕ್ಕೂ ಅಜ್ಜಿ ಸೊಸೆಯ ಮೇಲೆ ದೂರು ಹೇಳಿದರಂತೆ, ಭಾವ ಹೂಂಗುಟ್ಟಿದರಂತೆ. "ಮೊದಲನೇ ಡಾಕ್ಟರೇ ವಾಸಿ, ಪೂರ್ತಿ ಕೇಳಿಸ್ಕೊಂಡ್ರು" ಎಂದು ಅಜ್ಜಿ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ನಾನು ಅವರ ಹೆಂಡತಿಯ ತಂಗಿ. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಹಗಲೆಲ್ಲ ಮಾತಾಡಿಯೇ ಹೊಟ್ಟೆ ಹೊರೆದವಳು. ಭಾವನ ಮೌನ ನನಗೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. "ಏನು ಭಾವ, ಮಾತಿಗೂ ತೆರಿಗೆ ಹಾಕಿದಾರಾ?" ಎಂದು ಕಾಲೆಳೆದರೆ ಮುಗುಳ್ನಕ್ಕು ಚಹಾದ ಲೋಟ ಮುಂದೆ ತಳ್ಳುತ್ತಿದ್ದರು. ಅಕ್ಕನಿಗೆ ಮಾತ್ರ ಆ ಮೌನ ಅಂಗೈ ಗೆರೆಯಷ್ಟು ಪರಿಚಿತ. ಅಡುಗೆ ಹೇಗಿದೆ ಎಂದು ಅವಳು ಎಂದೂ ಕೇಳಿದವಳಲ್ಲ. ಉಪ್ಪು ಕಡಿಮೆಯಾದರೆ ಹೇಳುತ್ತಾರೆ, ಹೇಳಲಿಲ್ಲವೆಂದರೆ ಚೆನ್ನಾಗಿದೆ. ಬಾಡಿಗೆ ಮನೆ ಹಿಡಿದದ್ದೂ ಹಾಗೆಯೇ. ಭಾವ ಗೋಡೆ ತಟ್ಟಿ ನೋಡಿದರು, ನಲ್ಲಿ ತಿರುಗಿಸಿದರು, ಏನೂ ಅನ್ನಲಿಲ್ಲ. ಅಕ್ಕ ಸಾಮಾನು ಇಳಿಸಿದಳು. ಮಕ್ಕಳಿಲ್ಲದ ಆ ಮನೆಯಲ್ಲಿ ಇಬ್ಬರಿಗೂ ಅಷ್ಟು ಮಾತು ಸಾಕಾಗಿತ್ತು.

ಅಕ್ಕ ಹೊಲಿಯುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅಂಗಡಿ, ಅಲ್ಲಿ ಕಿಟಕಿಯ ಕೆಳಗೆ ಅವಳ ಮೆಷಿನ್, ಬಾಗಿಲ ಪಕ್ಕದಲ್ಲಿ ಭಾವನ ಕೆಲಸದ ಮೇಜು. ಶಾಲೆಯ ಸಮವಸ್ತ್ರ, ಆಸ್ಪತ್ರೆಯ ಪರದೆ, ಹೋಟೆಲಿನ ದಿಂಬಿನ ಚೀಲ, ಏನು ಬಂದರೂ ಹೊಲಿಯುತ್ತಿದ್ದಳು. ಅವಳ ಕಾಲರಿನ ಮೂಲೆ ನೋಡಿ ಬೇರೆ ದರ್ಜಿಗಳು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಆದರೆ ಅವಳ ಮೆಷಿನ್ ಮಾತ್ರ ಯಾವಾಗಲೂ ಕಂತೆ. ತಲೆ ಒಬ್ಬರು ಬಿಸಾಕಿದ್ದು, ಕಾಲು ಇನ್ನೊಬ್ಬರು ಬಿಟ್ಟುಹೋದದ್ದು, ಗಾಲಿ ಗುಜರಿಯದ್ದು. ಭಾವ ಅವನ್ನೆಲ್ಲ ಜೋಡಿಸಿ ಗಡಿಯಾರದ ಹಾಗೆ ಓಡಿಸಿಕೊಟ್ಟಿದ್ದರು. ಅಕ್ಕ ಅದರಲ್ಲಿ ಚೆನ್ನಾಗಿಯೇ ದುಡಿದಳು. ಆದರೂ ಒಂದು ಆಸೆ ಒಳಗೇ ಇತ್ತು. "ನನ್ನ ಜನ್ಮದಲ್ಲಿ ಒಂದಾದರೂ ಮೆಷಿನ್, ಬೇರೆ ಯಾರೂ ಮುಟ್ಟದೇ ಇರೋದು, ಮೊದಲು ನಾನೇ ಹೊಲೀಬೇಕು ಕಣೇ" ಎಂದು ನನ್ನ ಹತ್ತಿರ ಹೇಳುತ್ತಿದ್ದಳು. ಭಾವನ ಹತ್ತಿರ ಹೇಳುತ್ತಿರಲಿಲ್ಲ, ಅವರ ಕೈಗೆ ಅವಮಾನ ಮಾಡಿದಂತಾಗುತ್ತದೆಂದು.

ಕೊನೆಗೊಂದು ದಿನ ತಾನೇ ಕೂಡಿಟ್ಟದ್ದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು, ನಮ್ಮಿಬ್ಬರನ್ನೂ ಹೊರಡಿಸಿಕೊಂಡು ಷೋರೂಮಿಗೆ ಹೊರಟಳು. ಮದುವೆಗೆ ಹೋಗುವವಳ ಹಾಗೆ ಸಿಂಗರಿಸಿಕೊಂಡಿದ್ದಳು. ಷೋರೂಮಿಗೆ ಗಾಜಿನ ಬಾಗಿಲು, ಒಳಗೆ ಸಾಲಾಗಿ ಮೆಷಿನ್ನುಗಳು, ಯಜಮಾನನ ನಾಲಿಗೆಯಲ್ಲಿ ಸಕ್ಕರೆ ಡಬ್ಬ. ಕೆನೆ ಬಣ್ಣದ ವಿದ್ಯುತ್ ಮೆಷಿನ್ನೊಂದರ ಮೇಲೆ ಕೈಯಿಟ್ಟು, "ಅಮ್ಮಾ, ಇವತ್ತೇ ಪೆಟ್ಟಿಗೆ ಒಡೆದಿದ್ದು. ನಿಮ್ಮ ಕೈಯೇ ಮೊದಲನೇದು" ಎಂದ. ಅಕ್ಕನ ಮುಖ ಅರಳಿತು. ಆದರೆ ಅವಳು ಅವನ ಕಡೆ ನೋಡಲಿಲ್ಲ, ಭಾವನ ಕಡೆ ನೋಡಿದಳು. ಭಾವ ಮುಂದೆ ಬಂದು ಗಾಲಿ ತಿರುಗಿಸುತ್ತ ಕಿವಿ ಹಚ್ಚಿದರು. ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ತಲೆ ಎತ್ತಿ, ಅಕ್ಕನನ್ನು ನೋಡಿ, ಕೈ ಒರೆಸಿಕೊಂಡರು. ಏನೂ ಅನ್ನಲಿಲ್ಲ. ಅಕ್ಕ ಕರ್ಚೀಫಿನ ಗಂಟು ಬಿಚ್ಚಿದಳು.

ಮನೆಗೆ ಬಂದ ಮೆಷಿನ್ನಿಗೆ ಅವಳು ಮಾಡಿದ ಉಪಚಾರ ನೋಡಿ ನಾವು ನಕ್ಕಿದ್ದೇ ನಕ್ಕಿದ್ದು. ಅದಕ್ಕೊಂದು ಹೂವಿನ ಬಟ್ಟೆಯ ಹೊದಿಕೆ, ಅದರ ಹತ್ತಿರ ಚಹಾ ಕುಡಿಯುವಂತಿಲ್ಲ, ನೆಂಟರ ಮಕ್ಕಳು ಸುಳಿಯುವಂತಿಲ್ಲ. ಭಾವ ಒಂದೆರಡು ಸಲ ಸ್ಕ್ರೂಡ್ರೈವರ್ ಹಿಡಿದು ಹತ್ತಿರ ಬಂದರು. "ಇದೊಂದನ್ನ ಮುಟ್ಟಬೇಡಿ ಮಾರಾಯರೇ. ಇದು ರಿಪೇರಿದಲ್ಲ, ಹೊಸದು. ನೀವು ಮುಟ್ಟಿದ್ರೆ ಇದೂ ಹಳೇದಾಗುತ್ತೆ" ಎಂದು ಅಕ್ಕ ಅವರ ಕೈ ಸರಿಸಿದಳು. ಭಾವ ಹಿಂದೆ ಹೋಗಿ ತಮ್ಮ ಮೇಜಿನ ಮುಂದೆ ಕೂತರು. ನನಗೆ ಅದೊಂದು ತಮಾಷೆಯಾಗಿ ಕಂಡಿತ್ತು.

ಶಾಲೆ ತೆರೆಯುವ ಹೊತ್ತು, ಸಮವಸ್ತ್ರದ ರಾಶಿ ಬಿದ್ದಿತ್ತು. ಬೆಳಗ್ಗೆ ನಾನು ಬೋರ್ಡಿನ ಮುಂದೆ ಕೂತು ಇನ್ನೂ ಕೈ ಬೆಚ್ಚಗಾಗಿರಲಿಲ್ಲ. ತುರ್ತು ವಿಭಾಗ ಬೇಕೆಂದು ಒಂದು ಕರೆ ಬಂತು. ಮಾತಾಡುತ್ತಿದ್ದವರು ಅಕ್ಕನ ಪಕ್ಕದ ಮನೆಯವರು. ದಪ್ಪ ಕಾಲರ್ ಹೊಲಿಯುವಾಗ ಸೂಜಿ ಮುರಿದು, ಚೂರು ಸಿಡಿದು, ಅಕ್ಕನ ಬಲಗಣ್ಣಿಗೆ ಹೊಕ್ಕಿತ್ತು. ಆ ಕರೆಯನ್ನು ನಾನೇ ಜೋಡಿಸಿದೆ. ಆಮೇಲೆ ಹೆಡ್‌ಫೋನ್ ಕಳಚಲೂ ಆಗದೆ ಕೂತಿದ್ದೆ.

ಕಣ್ಣು ಉಳಿಯಲಿಲ್ಲ. ಪಟ್ಟಿ ಕಟ್ಟಿಕೊಂಡು ಮಲಗಿದ್ದ ಅಕ್ಕ ಕಣ್ಣಿನ ಬಗ್ಗೆ ಕೇಳಿದ್ದು ಕಡಿಮೆ. ಅವಳ ಪ್ರಶ್ನೆ ಬೇರೆಯೇ ಇತ್ತು. ಹೊಲಿಯುವವರಿಗೆಲ್ಲ ಗೊತ್ತಿರುವ ಒಂದು ತಪ್ಪಿದೆ. ಅವಸರದಲ್ಲಿ ಬಟ್ಟೆಯನ್ನು ಕೈಯಿಂದ ಎಳೆದರೆ ಸೂಜಿ ಬಾಗಿ ಕೆಳಗಿನ ಲೋಹಕ್ಕೆ ಬಡಿದು ಮುರಿಯುತ್ತದೆ. ಕಲಿಯುವ ಹುಡುಗಿಯರು ಮಾಡುವ ತಪ್ಪು ಅದು. "ನಾನು ಬಟ್ಟೆ ಎಳೆದೆನಾ ರೀ?" ಎಂದು ಅಕ್ಕ ಭಾವನನ್ನು ಕೇಳುತ್ತಿದ್ದಳು. ಭಾವ "ಇಲ್ಲ" ಎನ್ನುತ್ತಿದ್ದರು. "ನಿಮಗೆ ಹೇಗೆ ಗೊತ್ತು? ನೀವು ಆಗ ಮನೇಲಿರಲಿಲ್ಲವಲ್ಲ" ಎಂದರೆ ಹೊದಿಕೆ ಸರಿಮಾಡುತ್ತಿದ್ದರು. ಅಕ್ಕ ಮುಖ ಆಚೆ ತಿರುಗಿಸಿ ಮಲಗುತ್ತಿದ್ದಳು. ಸಮಾಧಾನಕ್ಕೆ ಹೇಳುತ್ತಾರೆ ಎಂದು ಅವಳಿಗನ್ನಿಸುತ್ತಿತ್ತು.

ಗಾಯಕ್ಕೆ ಉಪ್ಪು ಸವರಿದವನು ಷೋರೂಮಿನ ಯಜಮಾನ. ನಾನು ಹೋಗಿ ಕೇಳಿದ್ದಕ್ಕೆ, "ನೋಡಿ ಮೇಡಂ, ಮೆಷಿನ್ ಹೊಸದು. ಕೈ ಹಳೇದಾದ್ರೆ ನಾವೇನ್ ಮಾಡೋಣ" ಎಂದ. ಅಷ್ಟು ಹೇಳಿ ಸುಮ್ಮನಿದ್ದರೆ ಸರಿಹೋಗುತ್ತಿತ್ತು. ಬಂದ ಗಿರಾಕಿಗಳಿಗೆಲ್ಲ ಅದನ್ನೇ ಕತೆ ಕಟ್ಟಿ ಹೇಳಿದ. ದರ್ಜಿಗಳ ಬಾಯಿಂದ ಬಾಯಿಗೆ ಹೋಗಿ, ಸಮವಸ್ತ್ರದ ಗುತ್ತಿಗೆದಾರನ ಕಿವಿಗೂ ಬಿತ್ತು. ಅಕ್ಕ ಆಸ್ಪತ್ರೆಯಿಂದ ಬರುವಷ್ಟರಲ್ಲಿ, ಅವಳಿಗೆಂದು ಕಟ್ಟಿಟ್ಟಿದ್ದ ಬಟ್ಟೆಗಂಟನ್ನು ಗುತ್ತಿಗೆದಾರ ಬೇರೆಯವರಿಗೆ ಕೊಟ್ಟಾಗಿತ್ತು. ಕಣ್ಣು ಹೋಯಿತೆಂದು ಅಳದವಳು ಆವತ್ತು ಅತ್ತಳು. "ಕೋರ್ಟಿಗೆ ಹಾಕೋಣ ಕಣೇ. ದುಡ್ಡು ಬರಲಿ ಬಿಡಲಿ. ಆ ಮೆಷಿನ್ ಕೆಟ್ಟದ್ದು, ನನ್ನ ಕೈ ಕೆಟ್ಟದ್ದಲ್ಲ ಅಂತ ಯಾರಾದರೂ ದೊಡ್ಡವರ ಬಾಯಲ್ಲಿ ಬರಬೇಕು" ಎಂದಳು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ನಮ್ಮ ವಕೀಲೆ ಚಿಕ್ಕ ವಯಸ್ಸಿನವರು. ಮೆಟ್ಟಿಲ ಕೆಳಗಿನ ಸಂದಿಯಂಥ ಕಚೇರಿ, ಕುರ್ಚಿಗಿಂತ ಪುಸ್ತಕಗಳೇ ಜಾಸ್ತಿ. ಬಹಳ ತಾಳ್ಮೆಯಿಂದ ಬಿಡಿಸಿ ಹೇಳಿದರು. ಹಳೇ ಮೆಷಿನ್ನನ್ನು ಹೊಸದೆಂದು ಮಾರಿದ ಮೋಸ ರುಜುವಾತು ಮಾಡಬೇಕಾದರೆ, ಅಂಗಡಿಯವನು ಸುಳ್ಳು ಹೇಳಿದ ಎಂದು ತೋರಿಸಬೇಕು. ಸುಳ್ಳೆಂದು ಗೊತ್ತಿದ್ದೇ ಹೇಳಿದ ಎಂದು ತೋರಿಸಬೇಕು. ಅವನ ಮಾತು ನಂಬಿಯೇ ಕೊಂಡು ಇವರಿಗೆ ಹಾನಿಯಾಯಿತು ಎಂದೂ ತೋರಿಸಬೇಕು.

"ನಂಬಿದ್ದಕ್ಕೂ ಸಾಕ್ಷಿ ಬೇಕಾ?" ಎಂದೆ ನಾನು. "ನಂಬದೇ ಯಾರಾದರೂ ಅಷ್ಟು ದುಡ್ಡು ಸುರೀತಾರಾ?"

"ಅದು ಸುಲಭದ್ದು, ಬಿಡಿ. ಕಷ್ಟ ಇರೋದು ಮೊದಲಿನೆರಡರಲ್ಲಿ. ಮೆಷಿನ್ ಅವತ್ತು ಹೇಗಿತ್ತೋ ಹಾಗೇ ಇದೆ ತಾನೇ?"

ಭಾವ ನೆಲ ನೋಡಿದರು. ಆ ಮೆಷಿನ್ ಹೇಗಿತ್ತೋ ಹಾಗಿರಲಿಲ್ಲ. ಅಕ್ಕ ಆಸ್ಪತ್ರೆಯಲ್ಲಿದ್ದಾಗ ಭಾವ ಅದನ್ನು ಬಿಚ್ಚಿ ಹರಡಿದ್ದರು. ಸವೆದ ಬುಷ್ ತೆಗೆದು ಹೊಸದು ಹಾಕಿದ್ದರು, ಕೊಕ್ಕೆ ಬದಲಿಸಿದ್ದರು, ರಕ್ತದ ಕಲೆ ಒರೆಸಿ, ಎಣ್ಣೆ ಬಿಟ್ಟು, ಅದೇ ಹೂವಿನ ಹೊದಿಕೆ ಹೊದಿಸಿ ಇಟ್ಟಿದ್ದರು. ಹಳೆಯ ಚೂರುಗಳು ಗುಜರಿ ಡಬ್ಬಕ್ಕೆ ಬಿದ್ದು, ಡಬ್ಬ ಗುಜರಿಯವನ ಗಾಡಿಗೆ ಸೇರಿತ್ತು. ಕೆಟ್ಟದ್ದನ್ನು ಕೆಟ್ಟ ಹಾಗೆಯೇ ಬಿಟ್ಟು ನೋಡುವುದು ಅವರಿಂದ ಆಗದ ಕೆಲಸ. ಹೆಂಡತಿ ಮನೆಗೆ ಬರುವಷ್ಟರಲ್ಲಿ ಮೆಷಿನ್ ಸರಿಯಿರಬೇಕು ಎಂಬುದೊಂದೇ ಅವರ ತಲೆಯಲ್ಲಿದ್ದದ್ದು. ಬೇರೆ ಯಾರ ಗಂಡನಾಗಿದ್ದರೂ ಅದನ್ನು ಎತ್ತಿ ಬೀದಿಗೆ ಎಸೆಯುತ್ತಿದ್ದ, ಅಥವಾ ಸುಮ್ಮನೆ ಮೂಲೆಗೆ ತಳ್ಳುತ್ತಿದ್ದ. ಎರಡರಲ್ಲಿ ಯಾವುದನ್ನು ಮಾಡಿದ್ದರೂ ನಮಗೆ ಸಾಕ್ಷಿ ಉಳಿಯುತ್ತಿತ್ತು. ವಕೀಲೆ ಹಣೆಗೆ ಕೈ ಹಚ್ಚಿಕೊಂಡು ಕೂತರು.

ಕೋರ್ಟಿನಲ್ಲಿ ಆ ಮೆಷಿನ್ ಓಡಿಸಿದ ದಿನ ನನಗೆ ಮರೆಯುವುದಿಲ್ಲ. ಎತ್ತರದ ಕಿಟಕಿಗಳ ಹಳೆಯ ಹಾಲ್, ಕೂತರೆ ಕಿರುಗುಟ್ಟುವ ಬೆಂಚು. ಮಧ್ಯದಲ್ಲಿ ಮೆಷಿನ್ ಇಟ್ಟು, ತಜ್ಞರೆಂದು ಕರೆಸಿದ್ದವರು ಬಟ್ಟೆ ಕೊಟ್ಟು ಹೊಲಿದರು. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಓಡಿತು. "ಯಾವ ದೋಷವೂ ಇಲ್ಲ" ಎಂದು ತಜ್ಞರು ಹೇಳಿದರು. ನಾನು ಭಾವನ ಕಡೆ ತಿರುಗಿದೆ. ತಾವು ಕೂರಿಸಿದ ಕೊಕ್ಕೆಯ ಸದ್ದು ಕೇಳಿ ಅವರ ಮುಖದಲ್ಲಿ, ತಮಗೇ ಗೊತ್ತಿಲ್ಲದಂತೆ, ಒಂದು ತೃಪ್ತಿ ಸುಳಿದುಹೋಯಿತು. ಕೆನ್ನೆಗೆ ಒಂದು ಕೊಡೋಣ ಅನ್ನಿಸುವಷ್ಟು ಸಿಟ್ಟು ಬಂತು ನನಗೆ. ಕೊಟ್ಟ ಮೇಲೆ ನಾನೇ ಅಳುತ್ತಿದ್ದೆ, ಅದು ಬೇರೆ ಮಾತು.

ಇದು ಹಳೇ ಮೆಷಿನ್ನೇ, ಒಳಗೆ ಹಳೆಯ ಬಣ್ಣ ಇದೆ, ತೋರಿಸುತ್ತೇವೆ ಎಂದು ವಕೀಲೆ ಹೇಳಿದರು. ಅಂಗಡಿಯ ವಕೀಲರು ಕನ್ನಡಕದ ಮೇಲಿಂದ ನೋಡಿ, "ಇವರೇ ರಿಪೇರಿಯವರು. ಅಂಗಡಿ ತುಂಬ ಹಳೇ ಬಿಡಿಭಾಗ. ಬಿಚ್ಚಿದವರು ಇವರು, ಮುಚ್ಚಿದವರು ಇವರು. ಈಗ ಒಳಗಿರೋದು ನಮ್ಮದೋ ಇವರದೋ ಯಾರಿಗೆ ಗೊತ್ತು?" ಎಂದರು. ಕೇಳಿದವರಿಗೆ ಹೌದಲ್ಲ ಅನ್ನಿಸುವ ಮಾತು. ನಾವು ಕೈ ಕೈ ಹಿಸುಕಿಕೊಂಡು ಹೊರಗೆ ಬಂದೆವು.

ನಾನು ಬಿಡುವವಳಲ್ಲ. ಫೋನಿನ ಮುಂದೆ ಕೂರುವವಳಿಗೆ ಊರಿನ ಅರ್ಧ ಬಾಯಿಗಳು ಪರಿಚಯ. ವಿಚಾರಿಸುತ್ತ ಹೋಗಿ, ಆ ಷೋರೂಮಿನ ಹಿಂದಿನ ಶೆಡ್ಡಿನಲ್ಲಿ ಬಣ್ಣ ಹೊಡೆಯುತ್ತಿದ್ದವನೊಬ್ಬನನ್ನು ಹಿಡಿದೆ. ಕೆಲಸದಿಂದ ತೆಗೆದುಹಾಕಿದ್ದಕ್ಕೆ ಅವನ ಹೊಟ್ಟೆಯಲ್ಲಿ ಬೆಂಕಿ ಇತ್ತು. ಕಟಕಟೆಗೆ ಹತ್ತಿ ಎಲ್ಲ ಕಕ್ಕಿದ. ಹಳೇ ಮೆಷಿನ್ನುಗಳು ಲಾರಿಯಲ್ಲಿ ಬರುತ್ತಿದ್ದದ್ದು, ಮೈಮೇಲಿನ ನಂಬರ್ ಉಜ್ಜಿ ಅಳಿಸಿ ಕೆನೆ ಬಣ್ಣ ಹೊಡೆಯುತ್ತಿದ್ದದ್ದು, ಹೊಸ ಪೆಟ್ಟಿಗೆಯಲ್ಲಿ ತುಂಬುತ್ತಿದ್ದದ್ದು, ಯಜಮಾನ ಪಕ್ಕದಲ್ಲೇ ನಿಂತು "ಮೂಲೆ ಚೆನ್ನಾಗಿ ಹೊಡಿ" ಎನ್ನುತ್ತಿದ್ದದ್ದು. ಅಕ್ಕನ ಮೆಷಿನ್ ನೋಡಿ, "ಇದು ನನ್ನ ಕೈದೇ. ಹಿಂದುಗಡೆ ಬಣ್ಣ ಇಳಿದಿದೆ ನೋಡಿ, ಆವತ್ತು ನಂಗೆ ಜ್ವರ ಇತ್ತು" ಎಂದ. ಕೋರ್ಟಿನಲ್ಲಿ ನಗು ಎದ್ದಿತು. ನ್ಯಾಯಾಧೀಶರೂ ತುಟಿ ಬಿಗಿಹಿಡಿದರು. ಯಜಮಾನನ ಮುಖ ಸುಟ್ಟ ಬದನೆಕಾಯಿ. ಆವತ್ತು ಬಹಳ ದಿನದ ಮೇಲೆ ಅಕ್ಕ ನನ್ನ ಕೈ ಒತ್ತಿದಳು.

ಸುಳ್ಳು ಹೇಳಿದ್ದು ಸಿಕ್ಕಿತು, ಗೊತ್ತಿದ್ದೇ ಹೇಳಿದ್ದೂ ಸಿಕ್ಕಿತು. ಇನ್ನು ಉಳಿದದ್ದು ಸುಲಭದ್ದು. ಭಾವನ ಸಾಕ್ಷಿಗೆ ಮುಂಚೆ ವಕೀಲೆ ಅವರನ್ನು ಕೂರಿಸಿಕೊಂಡು, "ಷೋರೂಮಿನಲ್ಲಿ ಗದ್ದಲ ಇದ್ದಿರಬೇಕು, ಅಲ್ವಾ? ಏನೂ ಸರಿಯಾಗಿ ಕೇಳಿಸಿರೋದಿಲ್ಲ. ಹಾಗಿದ್ರೆ ಹಾಗೇ ಹೇಳಿ" ಎಂದರು. ಭಾವ ಸುಮ್ಮನಿದ್ದರು. ವಕೀಲೆ ಒಪ್ಪಿಗೆ ಎಂದುಕೊಂಡು ಕಾಗದ ಮಡಚಿಟ್ಟರು. ಅವರ ಮೌನವನ್ನು ನಾವೆಲ್ಲರೂ ಹಾಗೆಯೇ ಓದುತ್ತಿದ್ದೆವು.

ಕಟಕಟೆಯಲ್ಲಿ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ಅಂಗಡಿಯ ವಕೀಲರು ನಿಧಾನವಾಗಿ ಎದ್ದರು.

"ನಿಮ್ಮನ್ನ ಜನ ಕಿವಿ ಡಾಕ್ಟರು ಅಂತಾರಂತೆ?"

"ಅಂತಾರೆ."

"ಮೆಷಿನ್ ತಗೊಂಡ ದಿನ ನೀವೂ ಹೋಗಿದ್ರಿ. ಕಿವಿ ಇಟ್ಟು ಕೇಳಿದ್ರಿ."

"ಕೇಳಿದೆ."

"ಏನು ಕೇಳಿಸ್ತು?"

ನಮ್ಮ ವಕೀಲೆ ನಿರಾಳವಾಗಿ ಪೆನ್ನು ತಿರುಗಿಸುತ್ತಿದ್ದರು. ಭಾವ ಅಕ್ಕನನ್ನು ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ನ್ಯಾಯಾಧೀಶರು "ಉತ್ತರ ಹೇಳಿ" ಎನ್ನಬೇಕಾಯಿತು.

"ಬುಷ್ ಸವೆದ ಸದ್ದು," ಎಂದರು ಭಾವ. "ಕೊಕ್ಕೇನೂ ಅಲ್ಲಾಡ್ತಿತ್ತು. ಹೊಸದಲ್ಲ ಅಂತ ಗೊತ್ತಾಯ್ತು."

ಅಂಗಡಿಯ ವಕೀಲರಿಗೂ ಇಷ್ಟು ದೊಡ್ಡ ಉಡುಗೊರೆ ಬರುತ್ತದೆಂದು ಗೊತ್ತಿರಲಿಲ್ಲವೆಂದು ಕಾಣುತ್ತದೆ, ಕನ್ನಡಕ ಸರಿಮಾಡಿಕೊಂಡರು.

"ಗೊತ್ತಾಗಿಯೂ ಸುಮ್ಮನಿದ್ರಾ?"

"ಸುಮ್ಮನಿದ್ದೆ."

"ಯಾಕೆ?"

"ತಲೆ ಎತ್ತಿದಾಗ ಅವಳ ಮುಖ ಕಾಣಿಸ್ತು. ಅಷ್ಟು ಖುಷಿಯಾಗಿದ್ದು ನಾನು ಯಾವತ್ತೂ ನೋಡಿರಲಿಲ್ಲ. ಹೇಳೋಕೆ ಬಾಯಿ ಬರಲಿಲ್ಲ. ಮನೆಗೆ ಬರಲಿ, ನಾನೇ ಸರಿ ಮಾಡ್ತೀನಿ, ಅವಳಿಗೆ ಗೊತ್ತಾಗೋದೇ ಬೇಡ ಅಂದ್ಕೊಂಡೆ. ಮುಟ್ಟೋಕೆ ಬಿಡಲಿಲ್ಲ. ಇವತ್ತು ನಾಳೆ ಅಂತ ನಾನೂ ಬಿಟ್ಟೆ." ಅವರ ಜೀವಮಾನದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೊಂದೇ ಸಲ. ಆಮೇಲೆ ವಕೀಲರನ್ನೂ ನ್ಯಾಯಾಧೀಶರನ್ನೂ ಮರೆತವರಂತೆ ಬೆಂಚಿನ ಕಡೆಗೇ ತಿರುಗಿ, "ನೀನು ಬಟ್ಟೆ ಎಳೆದಿಲ್ಲ. ಕೊಕ್ಕೆ ಸೂಜಿಗೆ ಹೊಡೀತು. ನಿನ್ನ ಕೈದೇನೂ ತಪ್ಪಿಲ್ಲ" ಎಂದರು.

"ಇತ್ತ ನೋಡಿ ಮಾತಾಡಿ" ಎಂದರು ನ್ಯಾಯಾಧೀಶರು. ಗದರಿಸಿದಂತಿರಲಿಲ್ಲ ಅವರ ದನಿ.

ಅಕ್ಕ ಅಲ್ಲಾಡಲಿಲ್ಲ. ಅವಳ ಉಳಿದ ಕಣ್ಣು ನೆಟ್ಟಗೆ ಎದುರಿನ ಗೋಡೆ ನೋಡುತ್ತಿತ್ತು. ನಾನು ಅವಳ ಕೈ ಹಿಡಿದೆ, ಮೆಲ್ಲಗೆ ಬಿಡಿಸಿಕೊಂಡಳು.

ವಕೀಲೆ ಗಡಿಬಿಡಿಯಲ್ಲಿ ಬಂದು ನಮ್ಮ ಬೆಂಚಿನ ಮುಂದೆ ಬಗ್ಗಿದರು. ಇನ್ನೂ ಏನೂ ಹೋಗಿಲ್ಲ, ಕೊಂಡವರು ನೀವು, ಗಂಡನ ಮನಸ್ಸಿನಲ್ಲಿ ಏನಿತ್ತೋ ನಿಮಗೆ ಗೊತ್ತಿರಲಿಲ್ಲ, ಯಾರನ್ನು ನಂಬಿ ಕೊಂಡಿರಿ ಎಂದು ಕೇಳುತ್ತಾರೆ, ಇದ್ದದ್ದನ್ನು ಹೇಳಿದರೆ ಸಾಕು ಎಂದು ಪಿಸುಗುಟ್ಟಿದರು. ಕೊನೆಯ ಸಾಕ್ಷಿ ಅಕ್ಕನೇ. ಎದ್ದು, ಕಟಕಟೆಯ ಮೆಟ್ಟಿಲನ್ನು ಕಾಲಿನಿಂದ ತಡವಿ ಹುಡುಕಿ ಹತ್ತಿದಳು. ಒಂದೇ ಕಣ್ಣಿಗೆ ಆಳ ಸರಿಯಾಗಿ ತಿಳಿಯುವುದಿಲ್ಲ.

ನ್ಯಾಯಾಧೀಶರೇ ಕೇಳಿದರು. "ಅಮ್ಮಾ, ಹೊಸ ಮೆಷಿನ್ ಅಂತ ಅಂಗಡಿಯವರು ಹೇಳಿದ್ರು. ಅವರ ಮಾತು ನಂಬಿ ತಾನೇ ನೀವು ಕೊಂಡಿದ್ದು?"

ಹೌದು ಎಂದರೆ ಮುಗಿಯುತ್ತಿತ್ತು. ಎರಡಕ್ಷರದ ಮಾತು. ನಾನು ಬೆಂಚಿನ ತುದಿಗೆ ಬಂದು ಕೂತಿದ್ದೆ.

"ಅಂಗಡಿಯವರು ಎಷ್ಟೋ ಹೇಳಿದ್ರು," ಎಂದಳು ಅಕ್ಕ. "ಮಾರೋರು ಹೇಳ್ತಾರೆ, ಅದನ್ನೆಲ್ಲ ಯಾರು ಕಿವಿಗೆ ಹಾಕ್ಕೋತಾರೆ. ಇವರು ಕಿವಿ ಇಟ್ಟು ನೋಡಿದ್ರು. ಸುಮ್ಮನಿದ್ರು. ಇವರನ್ನ ನಂಬಿ ತಗೊಂಡೆ."

"ನಿಮ್ಮ ಯಜಮಾನರು ಅವತ್ತು ಬೇಡ ಅಂದಿದ್ರೆ?"

"ತಗೋತಿರಲಿಲ್ಲ."

ಸಿಟ್ಟಿನಿಂದ ಹೇಳಿದಳೋ, ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವಳ ದನಿಯಲ್ಲಿ ಬಿಸಿಯಿರಲಿಲ್ಲ. ಕೆಳಗೆ ನಿಂತಿದ್ದ ಭಾವ ಬೆಂಚಿನ ಅಂಚು ಹಿಡಿದುಕೊಂಡು ಕೂತರು. ವಕೀಲೆಯ ಪೆನ್ನು ನಿಂತಿತ್ತು.

ತೀರ್ಪು ಬಂದಾಗ ಷೋರೂಮಿನ ಯಜಮಾನನಿಗೆ ಛೀಮಾರಿ ಬಿತ್ತು. ಬಣ್ಣ ಬಳಿದು ಮಾರುವ ದಂಧೆಯ ಮೇಲೆ ಬೇರೆ ವಿಚಾರಣೆ ನಡೆಯಲಿ ಎಂದೂ ಬರೆದಿದ್ದರು. ಆದರೆ ಈಕೆ ಅವನ ಮಾತನ್ನು ನಂಬಿ ಕೊಂಡರೆಂಬುದು ರುಜುವಾತಾಗಿಲ್ಲ, ಆದ್ದರಿಂದ ಈಕೆಯ ದಾವೆ ವಜಾ. ಅಕ್ಕನ ಕೈ ತಪ್ಪಿತೋ ಇಲ್ಲವೋ ಎಂಬ ಮಾತನ್ನು ತೀರ್ಪು ಎತ್ತಲೇ ಇಲ್ಲ. ಅದನ್ನು ಹೇಳಿದವರು ಆ ಕೋರ್ಟಿನಲ್ಲಿ ಒಬ್ಬರೇ. ಅವರು ದೊಡ್ಡವರಲ್ಲ, ಹೇಳಬೇಕಾದ ಹೊತ್ತಿಗೆ ಹೇಳಿದವರೂ ಅಲ್ಲ.

ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕ ಕೂತಳು. ಭಾವ ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತರು. ಬಹಳ ದೂರ ಬಂದ ಮೇಲೆ ಅಕ್ಕ ತನ್ನ ಎರಡು ಅಂಗೈಗಳನ್ನೂ ಮಡಿಲಲ್ಲಿ ಬಿಡಿಸಿಟ್ಟುಕೊಂಡು, "ಇಷ್ಟು ದಿನ ಇವನ್ನ ಎಷ್ಟು ಬೈದೆ ಕಣೇ" ಎಂದಳು. ನಾನು ಭಾವನ ಮೇಲೆ ಕೂಗಾಡಬೇಕೆಂದು ಮಾತುಗಳನ್ನು ಜೋಡಿಸಿಕೊಂಡು ಕೂತಿದ್ದೆ. ಇಳಿಯುವಾಗ ಅವರ ಮುಖ ನೋಡಿ ಒಂದೂ ಬಾಯಿಗೆ ಬರಲಿಲ್ಲ.

ಅಕ್ಕ ಜಗಳವಾಡಲಿಲ್ಲ. ಬಾಗಿಲು ದಡ್ಡೆನಿಸಲಿಲ್ಲ, ತವರಿಗೆ ಹೊರಡಲಿಲ್ಲ. ಕೆಲವು ತಿಂಗಳಾದ ಮೇಲೆ ಹಳೆಯ ಕಂತೆ ಮೆಷಿನ್ನಿಗೇ ಕೂತು ದಿಂಬಿನ ಚೀಲದಂಥ ನೇರ ಹೊಲಿಗೆ ಹಾಕತೊಡಗಿದಳು. ಭಾವ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದರು, ಅವಳು ತೆಗೆದುಕೊಳ್ಳುತ್ತಿದ್ದಳು. ಊಟಕ್ಕೆ ಜೊತೆಯಲ್ಲೇ ಕೂರುತ್ತಿದ್ದರು. ಹೊರಗಿನವರು ಬಂದರೆ ಎಲ್ಲ ಮೊದಲಿನ ಹಾಗೇ ಇದೆ ಅನ್ನಬೇಕು. ಭಾವ ಮಾತ್ರ ಮಾತು ಕಲಿತಿದ್ದರು. ತಡವಾಗಿ ಶಾಲೆಗೆ ಸೇರಿದವರ ಹಾಗೆ ಕಷ್ಟಪಟ್ಟು, "ಅಡುಗೆ ಚೆನ್ನಾಗಿದೆ," "ಹೊಲಿಗೆ ನೇರ ಬಂದಿದೆ" ಎಂದು ಹೇಳುತ್ತಿದ್ದರು. ಅಕ್ಕ ತಲೆಯಾಡಿಸುತ್ತಿದ್ದಳು.

ಆ ಬೇಸಿಗೆಯಲ್ಲಿ ಸೆಕೆ ತಾಳಲಾರದೆ ಟೇಬಲ್ ಫ್ಯಾನ್ ಕೊಳ್ಳಲು ಹೋದೆವು, ಮೂವರೂ. ಮುಖ್ಯ ರಸ್ತೆಯ ಅಂಗಡಿ. ಮಾರುತ್ತಿದ್ದವಳು ಹೊಸದಾಗಿ ಕೆಲಸಕ್ಕೆ ಸೇರಿದವಳಿರಬೇಕು, ಫ್ಯಾನಿನ ತಲೆ ತಿರುಗಿಸುವುದು ಹೇಗೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಗುಂಡಿ ಒತ್ತಿದಳು, ಫ್ಯಾನ್ ಓಡಿತು. ಭಾವ ಒಂದು ಹೆಜ್ಜೆ ಮುಂದೆ ಬಂದು ಕತ್ತು ಬಗ್ಗಿಸಿದರು. ಕೇಳಿ, ತಲೆ ಎತ್ತಿ, ಎಲ್ಲರಿಗೂ ಕೇಳುವಂತೆ, "ಚೆನ್ನಾಗಿದೆ. ಏನೂ ತೊಂದರೆ ಇಲ್ಲ. ತಗೋ" ಎಂದರು.

ಅಕ್ಕ ಅವರ ಕಡೆ ತಿರುಗಲಿಲ್ಲ. ಮಾರುವವಳನ್ನು ನೋಡಿ, "ನೀನು ಹೇಳಮ್ಮ. ಇದು ಚೆನ್ನಾಗಿದೆಯಾ?" ಎಂದಳು.

"ಹೌದು ಆಂಟಿ, ತುಂಬ ಚೆನ್ನಾಗಿದೆ" ಎಂದಳು ಅವಳು. ಅಕ್ಕ ಫ್ಯಾನ್ ಕೊಂಡಳು. ಭಾವ ಅದನ್ನು ಎತ್ತಿಕೊಂಡು ನಮ್ಮ ಹಿಂದೆ ನಡೆದು ಬಂದರು.